ಇಎಲ್‌ಸಿಬಿ ಬಿದ್ದರೆ ಬೈಯಬೇಡಿ

ತಂಗಿಯ ಮದುವೆಯ ಹಿಂದಿನ ದಿನ. ಹೊರಗೆ ಜಡಿಮಳೆ, ಒಳಗೆ ಮದರಂಗಿಯ ಗದ್ದಲ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಬೆಳಕಿದೆ, ನಮ್ಮಲ್ಲಿ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಕತ್ತಲೆ. ಡಿಬಿ ಬಾಕ್ಸಿನಲ್ಲಿ ಇಎಲ್‌ಸಿಬಿ ಬೀಳುತ್ತಿತ್ತು. ಬಂದ ಎಲೆಕ್ಟ್ರಿಷಿಯನ್ ಹತ್ತಿರ ನಾವೇ ಹೇಳಿದೆವು: "ಹೇಗಾದರೂ ಮಾಡಿ, ನಾಳೆ ರಾತ್ರಿಯವರೆಗೆ ಕರೆಂಟ್ ಹೋಗಬಾರದು." ಅವರು ಇಎಲ್‌ಸಿಬಿಯನ್ನು ತಪ್ಪಿಸಿ ವಯರ್ ನೇರ ಕೊಟ್ಟರು. ಮದುವೆ ಚೆನ್ನಾಗಿ ನಡೆಯಿತು. ಆ ವಯರನ್ನು ಮತ್ತೆ ಮೊದಲಿನಂತೆ ಮಾಡಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ರಜೆ ಮುಗಿಸಿ ನಾನು ಗಲ್ಫಿಗೆ ಮರಳಿದೆ.

ಮಾರ್ಚಿನಲ್ಲಿ ಉಮ್ಮ ಫೋನಿನಲ್ಲಿ ಹೇಳಿದರು: "ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಮೋನೇ." ಮೇನ್ ಸ್ವಿಚ್ ತೆಗೆಯಿರಿ, ಏನನ್ನೂ ಮುಟ್ಟಬೇಡಿ ಎಂದೆ. ಮರುದಿನ ಬೇರೊಬ್ಬರು ಬಂದು ಪರೀಕ್ಷಿಸಿದಾಗ ಫ್ರಿಜ್ಜಿನಲ್ಲಿ ಏನೂ ತೊಂದರೆ ಇರಲಿಲ್ಲ. ಹಾಳಾಗಿದ್ದದ್ದು ಬಾತ್‌ರೂಮಿನ ಗೀಸರಿನ ಕಾಯಿಲ್.

ಗೀಸರ್ ಹಾಳಾದರೆ ಫ್ರಿಜ್ಜಿನಲ್ಲಿ ಶಾಕ್ ಹೇಗೆ? ಮನೆಯ ಎಲ್ಲ ಅರ್ಥ್ ವಯರುಗಳೂ ಒಂದೇ ಗುಂಡಿಗೆ ಹೋಗುತ್ತವೆ. ಉಪ್ಪಳದ ಹತ್ತಿರದ ನಮ್ಮ ಮನೆ ಇರುವುದು ಮುರಕಲ್ಲಿನ ಗುಡ್ಡದಲ್ಲಿ. ಬೇಸಿಗೆಯಲ್ಲಿ ಆ ಗುಂಡಿ ಒಣಗಿ ಕಲ್ಲಾಗುತ್ತದೆ, ಕರೆಂಟನ್ನು ಸರಿಯಾಗಿ ನೆಲಕ್ಕಿಳಿಸುವುದಿಲ್ಲ. ಗೀಸರಿನಿಂದ ಸೋರಿದ ಕರೆಂಟ್ ನೆಲಕ್ಕೆ ಪೂರ್ತಿ ಇಳಿಯಲಾಗದೆ ಅದೇ ಅರ್ಥ್ ವಯರಿನಲ್ಲಿ ಫ್ರಿಜ್ಜಿನ ಮೈಗೂ ಬಂದು ನಿಂತಿತ್ತು.

"ಎಂಸಿಬಿ ಇದೆಯಲ್ಲ, ಅದು ಬೀಳಬೇಕಿತ್ತು" ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಅರ್ಥಿನ ತಡೆ 100 ಓಮ್ ಇದ್ದರೆ 230 ವೋಲ್ಟಿನಲ್ಲಿ ಸೋರುವುದು ಹೆಚ್ಚೆಂದರೆ 2.3 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಅಲುಗಾಡುವುದೂ ಇಲ್ಲ. ಅದು ಇರುವುದು ವಯರ್ ಸುಡದಂತೆ ಕಾಯಲಿಕ್ಕೆ. ಮನುಷ್ಯರನ್ನು ಕಾಯುವುದು ಇಎಲ್‌ಸಿಬಿ. ಅಂಗಡಿಯಲ್ಲಿ ಈಗ ಸಿಗುವುದರ ಹೆಸರು ಆರ್‌ಸಿಸಿಬಿ. ಒಳಗೆ ಹೋದ ಕರೆಂಟ್ ಅಷ್ಟೂ ವಾಪಸ್ ಬಂತೇ ಎಂದು ಅದು ನೋಡುತ್ತಿರುತ್ತದೆ. ಮನೆಯಲ್ಲಿ ಹಾಕುವ 30 ಮಿಲಿ ಆಂಪಿಯರಿನದ್ದು, ಅಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬೀಳಬೇಕು. 30 ಮಿಲಿ ಎಂದರೆ 0.03 ಆಂಪಿಯರ್. ಅದನ್ನು ನಾವು ತೆಗೆಸದೆ ಇದ್ದಿದ್ದರೆ, ಉಮ್ಮ ಫ್ರಿಜ್ ಮುಟ್ಟುವ ಮೊದಲೇ ಮನೆಯ ಕರೆಂಟ್ ಹೋಗಿರುತ್ತಿತ್ತು.

ಮದುವೆ ದಿನದ ತೊಂದರೆ ಏನಿತ್ತು ಗೊತ್ತೇ? ಗೇಟಿನ ಕಂಬದ ದೀಪದೊಳಗೆ ಮಳೆನೀರು ಹೋಗಿತ್ತು, ಅಷ್ಟೇ. ಒಂದು ದೀಪಕ್ಕಾಗಿ ಇಡೀ ಮನೆಯ ಕಾವಲು ತೆಗೆಸಿದ್ದೆವು. ತಪ್ಪು ಎಲೆಕ್ಟ್ರಿಷಿಯನದ್ದೂ ಹೌದು, ಆದರೆ ಮೊದಲು ಕೇಳಿದವರು ನಾವು.

ಹಾಗಾದರೆ ಬಿದ್ದಾಗ ಏನು ಮಾಡಬೇಕು? ಡಬ್ಬಿಯ ಎಲ್ಲ ಎಂಸಿಬಿಗಳನ್ನು ಕೆಳಗೆ ಮಾಡಿ, ಇಎಲ್‌ಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ತೊಂದರೆ ಆ ಲೈನಿನಲ್ಲಿ. ಅದನ್ನು ಕೆಳಗಿಟ್ಟು, ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ನೋಡಿ. ಈಗ ನಿಂತರೆ ಆ ಸಾಮಾನುಗಳಲ್ಲೇ ಒಂದು ಕೆಟ್ಟಿದೆ: ಗೀಸರ್, ವಾಷಿಂಗ್ ಮೆಷಿನ್, ಇಸ್ತ್ರಿಪೆಟ್ಟಿಗೆ, ಪಂಪ್. ಎಲ್ಲ ಎಂಸಿಬಿ ಕೆಳಗಿದ್ದರೂ ಇಎಲ್‌ಸಿಬಿ ನಿಲ್ಲದಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿರಬಹುದು. ಸಾಮಾನ್ಯ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲ. ಅದು ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಡಬ್ಬಿಯ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಇಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ. ಗೇಟಿನ ಲೈನನ್ನು ಒಂದೇ ಕೆಳಗಿಟ್ಟಿದ್ದರೆ ನಮ್ಮ ಮದುವೆಮನೆಯೂ ಬೆಳಗುತ್ತಿತ್ತು.

ಬೀಳದೆ ಇರುವುದೂ ಒಳ್ಳೆಯ ಲಕ್ಷಣವೇ ಆಗಬೇಕೆಂದಿಲ್ಲ. ವರ್ಷಗಟ್ಟಲೆ ಅಲುಗಾಡದ ಇಎಲ್‌ಸಿಬಿ ಒಳಗೇ ಹಿಡಿದುಕೊಳ್ಳಬಹುದು. ಅದರ ಮೈಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇದೆ. ತಿಂಗಳಿಗೊಮ್ಮೆ, ಕರೆಂಟ್ ಇರುವಾಗ ಒತ್ತಿ. ಟಕ್ಕೆಂದು ಬಿದ್ದರೆ ಸರಿ, ಬೀಳದಿದ್ದರೆ ಅದೇ ವಾರ ಬದಲಿಸಿ. ಆದರೆ ಗುಂಡಿ ತೋರಿಸುವುದು ಇಎಲ್‌ಸಿಬಿಗೆ ಜೀವವಿದೆ ಎಂಬುದನ್ನು ಮಾತ್ರ. ಅರ್ಥ್ ಸರಿ ಇದೆಯೇ, ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಮೀಟರಿನ ಪರೀಕ್ಷೆಯೇ ಬೇಕು. ಅರ್ಥನ್ನು ಬೇಸಿಗೆಯಲ್ಲೇ ಅಳೆಸಿ, ಮಳೆಗಾಲದಲ್ಲಿ ಎಲ್ಲರ ಅರ್ಥೂ ಚೆನ್ನಾಗಿರುತ್ತದೆ.

ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿ, ಮನೆಯಲ್ಲಿ ಉಮ್ಮ, ಹೆಂಡತಿ, ಮಕ್ಕಳು. ಡಿಬಿ ಬಾಕ್ಸ್ ಗಂಡಸರ ವಿಷಯ ಎಂದು ಅವರನ್ನು ಅದರಿಂದ ದೂರ ಇಟ್ಟಿದ್ದೇವೆ. ಶಾಕ್ ಹೊಡೆಯುವುದು ಮಾತ್ರ ಮನೆಯಲ್ಲಿ ಇರುವವರಿಗೆ. ಈ ಸಲ ರಜೆಯಲ್ಲಿ ಬಂದಾಗ ಯಾವ ಎಂಸಿಬಿ ಯಾವ ಕೋಣೆಯದ್ದೆಂದು ಚೀಟಿ ಬರೆದು ಅಂಟಿಸಿ, ಆ ಗುಂಡಿಯನ್ನು ಅವರ ಕೈಯಿಂದಲೇ ಒಂದು ಸಲ ಒತ್ತಿಸಿ. ನಮ್ಮ ಮನೆಯಲ್ಲಿ ಈಗ ಪ್ರತಿ ತಿಂಗಳ ಮೊದಲ ಶುಕ್ರವಾರ ಗುಂಡಿ ಒತ್ತುವುದು ಉಮ್ಮ. "ಬಿತ್ತು" ಎಂದು ನನಗೊಂದು ವಾಯ್ಸ್ ಮೆಸೇಜ್ ಬರುತ್ತದೆ. ಅಷ್ಟು ಕೇಳಿದರೆ ನನಗೆ ಆ ತಿಂಗಳಿಗೆ ಸಮಾಧಾನ.