ಬೋರ್ಡಿನ ಬೆನ್ನು ತಿರುಗಿಸಿ ನೋಡೋಣ

ಬೋಧನಾಭ್ಯಾಸದ ವಿದ್ಯುತ್ ಪಾಠಗಳಲ್ಲಿ ಈಚೆಗೆ ಸಿದ್ಧ ಮಾದರಿಗಳೇ ಹೆಚ್ಚಾಗಿವೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೊಂದು ಗುಂಡಿ. ಒತ್ತಿದರೆ ದೀಪ ಹೊತ್ತುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ವೀಕ್ಷಣಾ ಹಾಳೆಯ ಬೋಧನೋಪಕರಣದ ಸಾಲಿನಲ್ಲಿ ನಾವೂ ಧಾರಾಳವಾಗಿ ಅಂಕ ಬರೆಯುತ್ತೇವೆ. ಹಿಂದಿನ ಬೆಂಚಿನ ಹುಡುಗಿ ‘ಮಿಸ್, ಒಳಗೆ ಏನಿದೆ?’ ಎಂದಾಗ ಮಾತ್ರ ಪಾಠ ನಿಂತುಬಿಡುತ್ತದೆ. ವಿಜ್ಞಾನ ಬೋಧನಾ ವಿಷಯದ ಪ್ರತಿ ಪ್ರಶಿಕ್ಷಣಾರ್ಥಿಯೂ ಒಂದು ಮಂಡಲವನ್ನಾದರೂ ಮನೆಯಲ್ಲಿ ಕೂತು ಸ್ವತಃ ಬೆಸುಗೆ ಹಾಕಿ ತರಬೇಕು ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಯೋಜನೆಯೇನೂ ಬೇಡ, ಕತ್ತಲಾದರೆ ತಾನೇ ಹೊತ್ತುವ ದೀಪ ಸಾಕು. 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ಎಲ್‌ಡಿಆರ್, ಕೆಂಪು ಎಲ್‌ಇಡಿ, 100 ಕಿಲೋಓಮ್ ಪ್ರಿಸೆಟ್, 470 ಓಮ್ ಮತ್ತು 1 ಕಿಲೋಓಮ್‌ನ ಎರಡು ರೋಧಕ, ತೂತುಗಳಿರುವ ಒಂದು ಸಾದಾ ಬೋರ್ಡ್. ಐರನ್ ಬಿಟ್ಟು ಉಳಿದದ್ದೆಲ್ಲ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಬೆಳಕಿನಲ್ಲಿ ಎಲ್‌ಡಿಆರ್‌ನ ರೋಧ ಕಡಿಮೆ. ಬೇಸ್‌ಗೆ ಬೇಕಾದ ಸುಮಾರು 0.6 ವೋಲ್ಟ್ ಸಿಗದೆ ಟ್ರಾನ್ಸಿಸ್ಟರ್ ಸುಮ್ಮನಿರುತ್ತದೆ. ಬೆರಳಿಂದ ಮುಚ್ಚಿದರೆ ರೋಧ ಏರಿ ದೀಪ ಹೊತ್ತುತ್ತದೆ.

ಇದನ್ನು ಕಟ್ಟುವವರಿಗೆ ಓಮ್‌ನ ನಿಯಮ ಕಪ್ಪುಹಲಗೆಯ ಸೂತ್ರವಾಗಿ ಉಳಿಯುವುದಿಲ್ಲ. 470 ಓಮ್ ಏಕೆ? ಬ್ಯಾಟರಿಯ 9 ವೋಲ್ಟ್‌ನಲ್ಲಿ ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಂಡರೆ ಉಳಿದದ್ದು 7. ಅದನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್. ರೋಧಕ ಬಿಟ್ಟರೆ ಎಲ್‌ಇಡಿ ಕ್ಷಣದಲ್ಲಿ ಸುಟ್ಟುಹೋದೀತು. ಪ್ರಿಸೆಟ್‌ನ ಜೊತೆ ಸರಣಿಯಲ್ಲಿ ಆ 1 ಕಿಲೋಓಮ್ ಏಕೆಂದರೆ, ಯಾರಾದರೂ ಪ್ರಿಸೆಟ್ಟನ್ನು ಕೊನೆಯವರೆಗೆ ತಿರುಗಿಸಿದಾಗ ಟ್ರಾನ್ಸಿಸ್ಟರ್ ಉಳಿಯಬೇಕಲ್ಲ! ತಿರುಗಿಸಿಯೇ ತಿರುಗಿಸುತ್ತಾರೆ, ಮಕ್ಕಳು.

ಬೆಸುಗೆಯಲ್ಲಿ ಕಲಿಯುವುದು ಇನ್ನೂ ಹೆಚ್ಚು. 63ಕ್ಕೆ 37ರ ತವರ–ಸೀಸದ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 25 ವಾಟ್‌ನ ಐರನ್ ಅದಕ್ಕೆ ಧಾರಾಳ. ಆದರೆ ತಂತಿಯನ್ನು ಐರನ್‌ಗೆ ಒತ್ತಿ ಹನಿ ಬೀಳಿಸಿದರೆ ಬೆಸುಗೆಯಾಗದು. ಬೋರ್ಡಿನ ತಾಮ್ರ ಮತ್ತು ಬಿಡಿಭಾಗದ ಕಾಲು ಎರಡನ್ನೂ ಒಟ್ಟಿಗೆ ಎರಡು ಮೂರು ಸೆಕೆಂಡು ಬಿಸಿ ಮಾಡಿ, ತಂತಿಯನ್ನು ಆ ಜಾಗಕ್ಕೆ ತಾಗಿಸಬೇಕು. ಮೊದಲು ತಂತಿ ತೆಗೆದು, ಆಮೇಲೆ ಐರನ್ ಎತ್ತಬೇಕು. ಕಾಯದ ತಾಮ್ರದ ಮೇಲೆ ಸೀಸ ಗುಂಡಗೆ, ಮಂಕಾಗಿ ಕೂರುತ್ತದೆ. ನೋಡಲು ಅಂಟಿದಂತಿರುತ್ತದೆ, ವಿದ್ಯುತ್ ಹರಿಯುವುದಿಲ್ಲ. ಚಿತ್ರ ಸರಿ, ಸಂಪರ್ಕ ಸರಿ, ದೀಪ ಮಾತ್ರ ಹೊತ್ತದು! ಆಗ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ಒಂದೊಂದೇ ಬಿಂದು ಪರೀಕ್ಷಿಸುತ್ತ ಹೋಗುವ ಒಂದು ಸಂಜೆಯಲ್ಲಿ ಪ್ರಶಿಕ್ಷಣಾರ್ಥಿ ಕಲಿಯುವುದು ಹತ್ತು ಪಾಠಯೋಜನೆ ಬರೆದರೂ ಬಾರದು. ತರಗತಿಯ ‘ಏಕೆ ಹೊತ್ತಲಿಲ್ಲ?’ ಎಂಬ ಪ್ರಶ್ನೆಗೆ ತಯಾರಿ ಅದೇ.

ಬ್ರೆಡ್‌ಬೋರ್ಡ್ ಸಾಲದೇ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಮೊದಲು ಜೋಡಿಸಿ ನೋಡಲು ಅದೇ ಸರಿ. ಆದರೆ ಬಸ್ಸಿನಲ್ಲಿ ಚೀಲದೊಳಗೆ ಕುಲುಕಿ ಶಾಲೆ ಸೇರುವಷ್ಟರಲ್ಲಿ ಎರಡು ವೈರ್ ಕಳಚಿರುತ್ತವೆ. ಐವತ್ತು ಮಕ್ಕಳ ಕೈಯಿಂದ ಕೈಗೆ ಹೋಗಿ ಮರಳಿ ಬರುವುದು ಬೆಸುಗೆ ಹಾಕಿದ ಬೋರ್ಡ್ ಮಾತ್ರ.

‘ಕರೆಂಟಿನ ಕೆಲಸ ನಿನಗ್ಯಾಕಮ್ಮ’ ಎಂದು ಮನೆಯಲ್ಲಿ ತಡೆಯುತ್ತಾರೆಂದು ಹಲವು ಪ್ರಶಿಕ್ಷಣಾರ್ಥಿನಿಯರು ಹೇಳಿದ್ದಾರೆ. ಮಂಡಲ ನಡೆಯುವುದು 9 ವೋಲ್ಟ್‌ನಲ್ಲಿ, ಶಾಕ್ ಹೊಡೆಯುವ ಮಾತೇ ಇಲ್ಲ. ಎಚ್ಚರ ಬೇಕಾದದ್ದು ಐರನ್ ಬಗ್ಗೆ: ಅದಕ್ಕೊಂದು ಸ್ಟ್ಯಾಂಡ್ ಇರಲಿ, ಬಳ್ಳಿ ಸುಡದಂತಿರಲಿ, ಚಿಕ್ಕ ಮಕ್ಕಳು ದೂರವಿರಲಿ. ಕಿಟಕಿ ತೆರೆದಿಡಿ, ಫ್ಲಕ್ಸಿನ ಹೊಗೆ ಗಂಟಲಿಗೆ ಹಿತವಲ್ಲ. ತಂತಿಯಲ್ಲಿರುವುದು ಸೀಸ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ತರಗತಿಯಲ್ಲಿ ಮಕ್ಕಳಿಂದ ಬೆಸುಗೆ ಹಾಕಿಸುವುದು ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ.

ವೀಕ್ಷಕರಾದ ನಾವೂ ಬದಲಾಗಬೇಕು. ಅಂದದ ಪೆಟ್ಟಿಗೆಗೆ ಹೆಚ್ಚು, ಓರೆಕೋರೆ ಬೋರ್ಡಿಗೆ ಕಡಿಮೆ ಎಂಬ ಲೆಕ್ಕ ಇರುವವರೆಗೆ ಯಾರು ಐರನ್ ಹಿಡಿದಾರು? ಬೋರ್ಡನ್ನು ತಿರುಗಿಸಿ ಬೆನ್ನು ನೋಡಿ, ‘ಯಾವ ಬೆಸುಗೆ ಕೈಕೊಟ್ಟಿತು, ಹೇಗೆ ಕಂಡುಹಿಡಿದಿರಿ?’ ಎಂದು ಕೇಳಿ ಅಂಕ ಕೊಡೋಣ. ಕಾಲೇಜಿನ ಪ್ರಯೋಗಾಲಯವೂ ಎರಡು ಐರನ್, ಒಂದು ಮಲ್ಟಿಮೀಟರನ್ನು ಗ್ರಂಥಾಲಯದ ಪುಸ್ತಕದಂತೆ ಸಹಿ ಹಾಕಿಸಿಕೊಂಡು ವಾರಕ್ಕೊಬ್ಬರಂತೆ ಮನೆಗೆ ಕೊಡಲಿ. ಮುಂದಿನ ಸುತ್ತಿನ ಬೋಧನಾಭ್ಯಾಸಕ್ಕೆ ಮೊದಲೇ ಇದು ಆರಂಭವಾಗಬಹುದು.