ಆ ‘ಇ’ ಸುಮ್ಮನೆ ಕೂತಿಲ್ಲ

ಎಚ್-ಎ-ಟಿ ಹ್ಯಾಟ್, ಎಚ್-ಎ-ಟಿ-ಇ ಹೇಟ್, ಕೊನೆಯ ಇ ಸೈಲೆಂಟ್. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಕಲಿತದ್ದು ಹೀಗೆ. ಇದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಉಚ್ಚಾರವೇ ಇಲ್ಲದ ಅಕ್ಷರವನ್ನು ಬರೆಯುವುದೇಕೆ? ಕನ್ನಡ ನೋಡಿ, ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಕನ್ನಡದ ಮೇಲಿನ ಅಕ್ಕರೆಯಿಂದ ಹುಟ್ಟಿದ ಮಾತು ಇದು. ಆ ಅಕ್ಕರೆ ನನಗೂ ಇದೆ. ಆದರೂ ಇದನ್ನು ಒಪ್ಪಲಾರೆ. ನೇಮ್, ಕೈಟ್, ನೋಟ್, ಹೋಪ್‌ನಂಥ ಪುಟ್ಟ ಪದಗಳ ಕೊನೆಯಲ್ಲಿ ನಿಂತ ಆ ಅಕ್ಷರಕ್ಕೆ ನಾವು ಅನ್ಯಾಯ ಮಾಡಿದ್ದೇವೆ. ಅದರ ನಷ್ಟ ಹೊರುತ್ತಿರುವುದು ಕಲಿಯುವ ಮಕ್ಕಳು.

ಕಿಟ್ ಎಂಬುದಕ್ಕೆ ಇ ಸೇರಿದರೆ ಕೈಟ್. ಹಾಪ್ ಹೋಪ್ ಆಗುತ್ತದೆ, ಪಿನ್ ಪೈನ್ ಆಗುತ್ತದೆ, ಕಬ್ ಕ್ಯೂಬ್ ಆಗುತ್ತದೆ. ಪದದ ಸ್ವರವನ್ನೂ ಅರ್ಥವನ್ನೂ ಒಟ್ಟಿಗೇ ಬದಲಿಸಿದ ಅಕ್ಷರ ಅದೊಂದೇ. ಅದನ್ನೇ ಕೆಲಸವಿಲ್ಲದ್ದು ಎನ್ನುವುದು ಹೇಗೆ? ನಮ್ಮ ಮಗ್ಗಿಯಷ್ಟೇ ಹಳೆಯ ಕಾಗುಣಿತವನ್ನು ನೆನೆಯಿರಿ. ಕೆ ಪಕ್ಕದಲ್ಲಿ ದೀರ್ಘ ಎಳೆದರೆ ಕೇ. ಆ ಗೆರೆಗೆ ತನ್ನದೇ ಉಚ್ಚಾರವಿಲ್ಲ, ತನ್ನ ಹಿಂದಿನದನ್ನು ಹಿಗ್ಗಿಸುವುದಷ್ಟೇ ಅದರ ಕೆಲಸ. ಅದನ್ನು ಯಾರೂ ಸೈಲೆಂಟ್ ದೀರ್ಘ ಎಂದು ಕರೆಯುವುದಿಲ್ಲ. ಇನ್ನು ಸೂರ್ಯ ಎಂದು ಬರೆಯುವಾಗ ಏನು ಮಾಡುತ್ತೇವೆ? ಯ ಬರೆದು, ಆಮೇಲೆ ಅರ್ಕಾವೊತ್ತು ಹಾಕುತ್ತೇವೆ. ಕೈ ಕೊನೆಗೆ ಬರೆದದ್ದನ್ನು ನಾಲಿಗೆ ಮೊದಲು ನುಡಿಯುತ್ತದೆ. ಹಿಂದೆ ನಿಂತು ಮುಂಚಿನದರ ಮೇಲೆ ಕೆಲಸ ಮಾಡುವ ಗುರುತು ಕನ್ನಡದ ಮಗುವಿಗೆ ಹೊಸದೇನಲ್ಲ. ಇಂಗ್ಲಿಷಿನ ಇ ಒಂದು ವ್ಯಂಜನವನ್ನು ದಾಟಿ ಆ ಕೆಲಸ ಮಾಡುತ್ತದೆ, ವ್ಯತ್ಯಾಸ ಅಷ್ಟೇ.

ಅದಕ್ಕೆ ಹಿಂದೆ ದನಿಯೂ ಇತ್ತು. ಹಳೆಯ ಇಂಗ್ಲಿಷಿನಲ್ಲಿ ನೇಮ್‌ನ ರೂಪ ‘ನಮ’. 14ನೆಯ ಶತಮಾನದಲ್ಲಿ ಕವಿ ಚಾಸರ್ ಬರೆಯುವಾಗಲೂ ಅದು ‘ನಾಮ’ಕ್ಕೆ ಹತ್ತಿರವಾದ ಎರಡಕ್ಷರದ ಮಾತಾಗಿತ್ತು, ಕೊನೆಯಲ್ಲಿ ಒಂದು ಮೆಲುದನಿಯ ಸ್ವರ ಕೇಳಿಸುತ್ತಿತ್ತು. ಸಂಸ್ಕೃತದಿಂದ ನಮಗೆ ಬಂದ ‘ನಾಮ’ವೂ ಅದರ ದೂರದ ನಂಟೇ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಕ್ರಮೇಣ ಆ ಕೊನೆಯ ಸ್ವರ ಬಾಯಿಂದ ಉದುರಿತು, ಬರಹದಲ್ಲಿ ಉಳಿಯಿತು. ಅದರ ಹಿಂದಿನ ಸ್ವರ ಅಷ್ಟರಲ್ಲಿ ದೀರ್ಘವಾಗಿತ್ತು; ಹಾಗಾಗಿ ಉಳಿದ ಇ ಆ ದೀರ್ಘದ ಗುರುತಾಯಿತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದಾಗ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಬಾಯಿ ಒಂದು ದಾರಿ ಹಿಡಿದಿತ್ತು, ಅಚ್ಚಿನ ಮೊಳೆ ಇನ್ನೊಂದು ಕಡೆ ನಿಂತಿತ್ತು. 1582ರಲ್ಲಿ ರಿಚರ್ಡ್ ಮಲ್‌ಕಾಸ್ಟರ್ ಎಂಬ ಲಂಡನ್ನಿನ ಮೇಷ್ಟ್ರು ಸ್ಪೆಲಿಂಗಿನ ಬಗ್ಗೆ ಪುಸ್ತಕ ಬರೆದು, ಕೊನೆಯ ಇ ಮಾಡುವ ಕೆಲಸವನ್ನು ಬಿಡಿಸಿ ಹೇಳಿದರು. ನಾನೂರು ವರ್ಷಗಳ ಹಿಂದಿನ ಆ ಮೇಷ್ಟ್ರಿಗೆ ಕಂಡದ್ದನ್ನು ನಾವು ಇಂದಿನ ಮಕ್ಕಳಿಗೆ ತೋರಿಸುತ್ತಿಲ್ಲ.

‘ಹಾಗಾದರೆ ಹ್ಯಾವ್, ಗಿವ್, ಲವ್? ಅಲ್ಲಿ ಯಾವ ಸ್ವರ ಹಿಗ್ಗಿತು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಬೇರೊಂದು ಕಥೆಯಲ್ಲಿದೆ. ಆ ಕಾಲದಲ್ಲಿ ಯು ಮತ್ತು ವಿ ಎರಡು ಅಕ್ಷರಗಳಾಗಿರಲಿಲ್ಲ. ಪದದ ಮೊದಲಲ್ಲಿ ಬಂದರೆ ವಿ ಆಕಾರ, ನಡುವೆ ಬಂದರೆ ಯು ಆಕಾರ, ದನಿ ಯಾವುದಾದರೂ ಸರಿ. ಹ್ಯಾವ್ ಎಂಬುದನ್ನು ಎಚ್-ಎ-ಯು-ಇ ಎಂದು ಬರೆಯುತ್ತಿದ್ದರು. ಇ ಇಲ್ಲದಿದ್ದರೆ ಓದುಗ ಅಲ್ಲಿ ಔ ಇದೆಯೆಂದು ತಿಳಿಯಬಹುದಿತ್ತು. ಇ ಇದ್ದುದರಿಂದ ಎರಡು ಸ್ವರಗಳ ನಡುವಿನ ಆ ಆಕಾರ ವ್ಯಂಜನವೆಂದು ಗೊತ್ತಾಗುತ್ತಿತ್ತು. 17ನೆಯ ಶತಮಾನದಲ್ಲಿ ಯು, ವಿ ಬೇರೆಯಾದವು. ಇ ಮಾತ್ರ ಅಲ್ಲೇ ಉಳಿಯಿತು, ವಿ ಅಕ್ಷರದಲ್ಲಿ ಪದ ಮುಗಿಸಬಾರದೆಂಬ ರೂಢಿಯೂ ಬೇರೂರಿತು. ಐಸ್, ಏಜ್‌ಗಳಲ್ಲಿ ಸಿ, ಜಿ ಮೆತ್ತಗಾಗುವುದು ಇದೇ ಇಯಿಂದ. ಬೀ ಎಂಬ ಜೇನಿಗೂ ಟೋ ಎಂಬ ಕಾಲ್ಬೆರಳಿಗೂ ಮೂರನೆಯ ಅಕ್ಷರ ಒದಗಿಸಿ, ಬಿ, ಟು ಎಂಬ ಬಿಡಿ ಮಾತುಗಳಿಂದ ಅವನ್ನು ಬೇರೆ ಮಾಡಿ ತೋರಿಸುವುದೂ ಇದೇ.

ಇಂದಿನ ಗಿವ್‌ನಲ್ಲಿ ಇ ಕೆಲಸ ಕಳೆದುಕೊಂಡಿದೆ, ಒಪ್ಪುತ್ತೇನೆ. ಕಮ್, ಸಮ್, ಡನ್‌ಗಳಲ್ಲಿ ಅದು ಮಗುವಿನ ದಾರಿ ತಪ್ಪಿಸುವುದೂ ನಿಜ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1789ರಲ್ಲೇ ಗಿವ್‌ನ ಬಾಲ ಕತ್ತರಿಸೋಣ ಎಂದರು, ಜನ ಕೇಳಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯಕ್ಕೆ 300 ಸರಳ ಸ್ಪೆಲಿಂಗುಗಳನ್ನು ಬಳಸಲು ಆದೇಶಿಸಿದರು. ಸಂಸತ್ತು ತಿರುಗಿಬಿದ್ದು ಅದೇ ವರ್ಷ ಆ ಆದೇಶ ಬಿದ್ದುಹೋಯಿತು. ಕೆಲವು ಪದಗಳಲ್ಲಿ ದಾರಿ ತಪ್ಪಿಸುತ್ತದೆಂದು ನೂರಾರು ಪದಗಳಲ್ಲಿ ದಾರಿ ತೋರಿಸುವುದನ್ನೂ ಸೈಲೆಂಟ್ ಎಂಬ ಒಂದೇ ಮೂಟೆಗೆ ಕಟ್ಟಿದರೆ, ಮಗುವಿಗೆ ಉಳಿಯುವುದು ಬಾಯಿಪಾಠವೊಂದೇ.

ಅದರ ಬದಲು ಮಗುವಿನ ಬಾಯಲ್ಲೇ ಇರುವ ಕನ್ನಡದಿಂದ ಏಕೆ ಶುರು ಮಾಡಬಾರದು? ಹಳಗನ್ನಡದ ಕಲ್, ಕಣ್ ಇಂದು ಕಲ್ಲು, ಕಣ್ಣು. ಕಾಲ್, ಊರ್ ಇಂದು ಕಾಲು, ಊರು. ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿ, ದೀರ್ಘವಾದರೆ ಒಂಟಿ. ಇಂಗ್ಲಿಷಿನಿಂದ ಬಂದ ಪುಟ್ಟ ಪದಗಳನ್ನೂ ನಾವು ಇದೇ ಅಚ್ಚಿಗೆ ಹಾಕಿದೆವು: ಬಸ್ಸು, ಪೆನ್ನು, ಆದರೆ ಕಾರು, ಕೋಟು, ರೋಡು. ಕುಪ್ಪಳಿಸುವ ಹಾಪಿಂಗ್‌ಗೆ ಎರಡು ಪಿ, ಆಶಿಸುವ ಹೋಪಿಂಗ್‌ಗೆ ಒಂದೇ ಪಿ ಏಕೆಂದು ಕೇಳುವ ಹುಡುಗಿಗೆ ಬಸ್ಸು ಮತ್ತು ಕಾರನ್ನು ಪಕ್ಕಪಕ್ಕ ಬರೆದು ತೋರಿಸಿದರೆ ಸಾಕು. ಚಾಸರನ ಕಾಲದವನೊಬ್ಬ ಇಂದು ಎದ್ದು ಬಂದು ಕೇಳಿದರೆ, ಲಂಡನ್ನಿನವರ ನೋಟ್‌ಗಿಂತ ಕೊನೆಯಲ್ಲಿ ಸ್ವರವಿರುವ ನಮ್ಮ ಸಂತೆಯ ನೋಟು ಅವನ ಕಿವಿಗೆ ಹೆಚ್ಚು ಪರಿಚಿತ ಎನಿಸೀತು.