ಸ್ಪೇಸರ್ ಹಾಕೋ ಮುಂಚೆ ನಟ್ಟಿನ ಸುತ್ತು ಎಣಿಸಿ

ಪಿಕಪ್ ಗಾಡಿ ಅಂದ್ರೆ ನಮ್ಮಲ್ಲಿ ಅನೇಕರಿಗೆ ಒಂಥರಾ ಹುಚ್ಚು. ಹೈಲಕ್ಸ್ ಆಗ್ಲಿ, ವಿ-ಕ್ರಾಸ್ ಆಗ್ಲಿ, ಚಕ್ರ ಸ್ವಲ್ಪ ಹೊರಗೆ ಬಂದ್ರೆ ಗಾಡಿಗೆ ಬೇರೆಯೇ ಗತ್ತು. ಅದಕ್ಕೆ ಅಗ್ಗದ ದಾರಿ ವೀಲ್ ಸ್ಪೇಸರ್, ಅಂದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸುವ ಲೋಹದ ಬಿಲ್ಲೆ. "ಚಕ್ರ ಕಳಚಿ ಬೀಳುತ್ತೆ" ಅನ್ನೋರೂ ಇದ್ದಾರೆ, "ಏನೂ ಆಗಲ್ಲ ಬಿಡಿ" ಅನ್ನೋರೂ ಇದ್ದಾರೆ. ನಮ್ಮ ಪ್ರಕಾರ ಇಬ್ಬರದ್ದೂ ಅರ್ಧ ಸತ್ಯ. ಎಲ್ಲವೂ ಅದನ್ನು ಬಿಗಿದ ರೀತಿಯ ಮೇಲಿದೆ.

ಗಾಡಿಯ ಭಾರ ಸ್ಟಡ್ಡುಗಳ ಮೇಲೆ ನೇತಾಡ್ತಿದೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನಿಜವಾಗಿ, ನಟ್ಟು ಬಿಗಿದಾಗ ಸ್ಟಡ್ಡು ಸ್ಪ್ರಿಂಗಿನಂತೆ ಹಿಗ್ಗಿ ಎರಡೂ ಮೈಗಳನ್ನು ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರ ಹೊರುವುದು. 12 ಮಿ.ಮೀ. ಸ್ಟಡ್ಡಿಗೆ 100 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೆ ಸುಮಾರು 40 ಕಿಲೋನ್ಯೂಟನ್, ಅಂದ್ರೆ ನಾಲ್ಕು ಟನ್ ಹಿಡಿತ! ನಡುವೆ ತುಕ್ಕು, ಪೇಂಟು, ಮಣ್ಣು ಉಳಿದಿದ್ರೆ ಓಡಾಡ್ತಾ ಅದು ಪುಡಿಯಾಗಿ ಹಿಡಿತ ಸಡಿಲಾಗುತ್ತೆ. ಸ್ಪೇಸರ್ ಬಂದರೆ ಹೀಗೆ ಒತ್ತಿಕೊಳ್ಳುವ ಜಾಗ ಒಂದರ ಬದಲು ಎರಡು.

ಆದ್ದರಿಂದ ಹಾಕಲೇಬೇಕು ಅನ್ನೋರಿಗೆ ನಮ್ಮ ಷರತ್ತುಗಳು ಇವು:

ಸುಮ್ಮನೆ ತೂರಿಸುವ ತೆಳು ಬಿಲ್ಲೆ ತನ್ನ ದಪ್ಪದಷ್ಟು ಮರೆಯನ್ನು ತಿಂದುಹಾಕುತ್ತೆ. ಹೈಲಕ್ಸಿನ ಸ್ಟಡ್ಡು 12 ಮಿ.ಮೀ., ಮರೆಯ ಅಂತರ 1.5 ಮಿ.ಮೀ. ನಟ್ಟು ಕನಿಷ್ಠ ಎಂಟು ಪೂರ್ತಿ ಸುತ್ತು ಹೋಗದಿದ್ದರೆ ಆ ಬಿಲ್ಲೆ ವಾಪಸ್ ಕೊಡಿ. ಒಂದರ ಮೇಲೊಂದು ಪೇರಿಸೋದಂತೂ ಬೇಡವೇ ಬೇಡ.

ತನ್ನದೇ ಸ್ಟಡ್ಡಿರುವ ದಪ್ಪ ಸ್ಪೇಸರ್ ಆದ್ರೆ, ಗಾಡಿಯ ಹಳೇ ಸ್ಟಡ್ಡು ಹೊರಗೆ ಇಣುಕಿ ಚಕ್ರಕ್ಕೆ ತಾಗಬಾರದು. ಅದು ಹಬ್ಬಿನ ನಡುಭಾಗಕ್ಕೆ ಸರಿಯಾಗಿ ಕೂರಬೇಕು. ಹೈಲಕ್ಸ್, ವಿ-ಕ್ರಾಸ್ ಎರಡಕ್ಕೂ 139.7 ಮಿ.ಮೀ. ವೃತ್ತದಲ್ಲಿ ಆರು ಸ್ಟಡ್ಡು. ಆದರೆ ನಡುವಿನ ರಂಧ್ರದ ಅಳತೆ ಬೇರೆ. ಸ್ಟಡ್ಡಿಗೆ ಹೊಂದಿತು ಅಂದ ಮಾತ್ರಕ್ಕೆ ಗಾಡಿಗೆ ಹೊಂದಿತು ಅಂತಲ್ಲ.

ಮೈಗಳನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಸಿ. ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್ಟುಗಳನ್ನೂ ಮತ್ತೆ ನೋಡಬೇಕು. ಎಲ್ಲರೂ ಬಿಡೋದು ಇದನ್ನೇ.

ಇನ್ನು ಅಡಿಕೆ, ಇಟ್ಟಿಗೆ ಹೊರುವ ಗಾಡಿಗೆ ಸ್ಪೇಸರ್ ಬೇಡವೇ ಬೇಡ ಅನ್ನೋದು ನಮ್ಮ ನಿಲುವು. ಒಂದು ಚಕ್ರದ ಮೇಲೆ 600 ಕಿಲೋ ಇದ್ದು, 30 ಮಿ.ಮೀ. ಹೊರಗೆ ತಳ್ಳಿದರೆ ಬೇರಿಂಗಿಗೆ ಸುಮಾರು 180 ನ್ಯೂಟನ್-ಮೀಟರ್ ಹೆಚ್ಚುವರಿ ತಿರುಚು. ಗುಂಡಿ ಸಿಕ್ಕಾಗ ಇನ್ನೂ ಜಾಸ್ತಿ. ಆಫ್‌ಸೆಟ್ ಬೇರೆ ಇರುವ ಚಕ್ರ ಕೊಂಡರೂ ಈ ಹೊರೆ ತಪ್ಪಲ್ಲ, ಆದ್ರೆ ಸಡಿಲಾಗಬಹುದಾದ ಜಾಗ ಒಂದು ಕಮ್ಮಿ. ಜೊತೆಗೆ, ತಯಾರಕರ ಅಳತೆಗೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಹಾಗಾಗಿ ಆರ್‌ಟಿಓದಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕಳಚಿದ ಚಕ್ರ ಹೋಗಿ ಬಡಿಯೋದು ಬಸ್ಸಿಗೆ ಕಾಯ್ತಿರೋ ಯಾರಿಗೋ. ಗತ್ತು ನಮ್ಮದು, ಅಪಾಯ ಅವರದ್ದು ಆಗಬಾರದು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಸ್ಪೇಸರ್ ಹಾಕಿಸಬೇಡಿ.